ಪರದೆಯ ಮುಂದೆ ಎರಡು ನಿಮಿಷ

ದೀಪಾವಳಿ ರಜೆ ಮುಗಿದು ಶಾಲೆಗಳು ಮತ್ತೆ ತೆರೆದವು ಎಂದರೆ ಕಳವಾದ ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲಿ ಒಂದೇ ಸುದ್ದಿ: ಗ್ಯಾದರಿಂಗ್. ಊರಿನಲ್ಲಿ ನಾವು ವಾರ್ಷಿಕೋತ್ಸವ ಎಂದೋ ಸ್ಕೂಲ್ ಡೇ ಎಂದೋ ಕರೆಯುತ್ತಿದ್ದುದನ್ನು ಇಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ‘ಸ್ನೇಹಸಮ್ಮೇಳನ’ ಎಂದು ಅಚ್ಚು ಹಾಕಿಸುತ್ತಾರೆ, ಬಾಯಲ್ಲಿ ಮಾತ್ರ ಗ್ಯಾದರಿಂಗ್ ಎನ್ನುತ್ತಾರೆ. ಕಾರ್ಯಕ್ರಮ ಡಿಸೆಂಬರ್ ಕೊನೆಗೋ ಜನವರಿಗೋ. ಯಾರು ಸ್ಟೇಜ್ ಹತ್ತಬೇಕು ಎಂದು ಆರಿಸುವುದು ಮಾತ್ರ ನವೆಂಬರಿನಲ್ಲೇ. ಅದಕ್ಕೆ ಮೊದಲು ಸೆಲೆಕ್ಷನ್ ಎನ್ನುತ್ತಿದ್ದರು. ಟೀವಿಯ ರಿಯಾಲಿಟಿ ಶೋ ನೋಡಿ ಬೆಳೆದ ಮಕ್ಕಳು ಈಗ ಆಡಿಷನ್ ಎನ್ನುತ್ತಾರೆ.

ಹಳೆಯ ಮಕ್ಕಳಿಗೆ ಇದೊಂದು ಗಲಾಟೆಯ, ಖುಷಿಯ ವಾರ. ಆದರೆ ಆ ವರ್ಷವಷ್ಟೇ ಸೇರಿದ, ಅದೂ ಬೇರೆ ರಾಜ್ಯದಿಂದ ಬಂದ ಮಗುವಿಗೆ ಹಾಗಲ್ಲ. ಜೂನ್‌ನಿಂದ ನವೆಂಬರಿನವರೆಗೆ ಶಾಲೆ ಆ ಮಗುವಿನ ಬಗ್ಗೆ ತಿಳಿದುಕೊಂಡಿದ್ದೆಲ್ಲ ಅದಕ್ಕೆ ಏನು ಬರುವುದಿಲ್ಲ ಎಂಬುದನ್ನೇ. ಮರಾಠಿ ಬರುವುದಿಲ್ಲ. ಇಂಗ್ಲಿಷಿನಲ್ಲಿ ವಿಜ್ಞಾನ ಬರುವುದಿಲ್ಲ. ಇಲ್ಲಿಯ ಪ್ರಾರ್ಥನೆ ಬರುವುದಿಲ್ಲ. ‘ನಿನಗೆ ಏನು ಬರುತ್ತದೆ?’ ಎಂದು ಅದೇ ಶಾಲೆ ಮೊದಲ ಸಲ ಕೇಳುವುದು ಈ ಸೆಲೆಕ್ಷನ್ ದಿನ. ಈ ತಿಂಗಳು ಆ ಪ್ರಶ್ನೆಯ ಬಗ್ಗೆಯೇ ಬರೆಯೋಣ ಅನ್ನಿಸಿತು.

ಕಳವಾ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಠಾಣೆಯಿಂದ ಕಲ್ಯಾಣದ ಕಡೆ ಹೊರಟು ಖಾಡಿ ದಾಟಿದರೆ ಸಿಗುವ ಮೊದಲ ಸ್ಟೇಷನ್ ಇದು. ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುವುದಿಲ್ಲ. ಒಂದು ಮಗ್ಗುಲಿಗೆ ಪಾರ್ಸಿಕ್ ಗುಡ್ಡ, ಇನ್ನೊಂದು ಮಗ್ಗುಲಿಗೆ ಖಾಡಿ, ನಡುವೆ ರೈಲ್ವೆ ಕಾರ್ ಶೆಡ್. ಮುಕುಂದ್, ಸೀಮೆನ್ಸ್ ಕಾರ್ಖಾನೆಗಳು ಬಂದ ಕಾಲದಿಂದ ಕೊಂಕಣದವರು, ಘಾಟಿನ ಮೇಲಿನವರು, ಉತ್ತರ ಭಾರತದವರು, ನಮ್ಮ ಕರಾವಳಿಯವರು, ವಿಜಾಪುರ ಕಲಬುರಗಿ ಕಡೆಯವರು ಎಲ್ಲರೂ ಬಂದು ನೆಲೆಯಾದ ಜಾಗ. ಹಾಗಾಗಿ ಇಲ್ಲಿಯ ಶಾಲೆಗಳಿಗೆ ಪ್ರತಿ ಜೂನ್‌ನಲ್ಲೂ ಯಾವುದಾದರೂ ಊರಿನಿಂದ ಹೊಸ ಮಗು ಬಂದೇ ಬರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಮೇಲಿನ ಮಹಡಿಗೆ ಕುಮಟಾ ಕಡೆಯ ಒಂದು ಸಂಸಾರ ಬಂತು. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಬಹಳ ವರ್ಷದಿಂದ ಗಲ್ಲಾದಲ್ಲಿ ಕೂರುವವರು. ಹೆಂಡತಿ, ಮಗಳು ಊರಲ್ಲಿ ಅಜ್ಜಿಯ ಜೊತೆ ಇದ್ದರು. ಅಜ್ಜಿ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ಇಬ್ಬರನ್ನೂ ಕರೆದುಕೊಂಡು ಬಂದರು. ಮಗಳು ಏಳನೆಯವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಇಲ್ಲಿ ಎಂಟನೇ ತರಗತಿ, ಇಂಗ್ಲಿಷ್ ಮಾಧ್ಯಮ, ಜೊತೆಗೆ ಮರಾಠಿ. 2020ರ ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಲಿಕೆ ಕಡ್ಡಾಯವಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಇರುವ ನೆಲದ ಭಾಷೆ ಕಲಿಯಿರಿ ಎಂದು ಬೆಂಗಳೂರಿಗೆ ಬಂದವರಿಗೆ ನಾವೂ ಹೇಳುತ್ತೇವಲ್ಲ. ಆದರೆ ಒಂದನೇ ತರಗತಿಯಿಂದ ಕಲಿತವರ ನಡುವೆ ಎಂಟನೆಯಲ್ಲಿ ಬಂದು ಕೂರುವುದು ಎಂದರೆ ಸುಲಭವಲ್ಲ. ಹುಡುಗಿ ಮೊದಲ ಮೂರು ತಿಂಗಳು ಶಾಲೆಯಿಂದ ಬಂದು ಬಾಲ್ಕನಿಯ ಗ್ರಿಲ್ ಹಿಡಿದು ಲೋಕಲ್ ಎಣಿಸುತ್ತಾ ನಿಲ್ಲುತ್ತಿದ್ದಳು.

ನವೆಂಬರಿನಲ್ಲಿ ಗ್ಯಾದರಿಂಗ್ ನೋಟಿಸು ಬಂತು. ಅದರ ಕೆಳಗೆ ಹೆಸರು ಕೊಡಲು ಒಂದು ಪಟ್ಟಿ: ಸಮೂಹ ನೃತ್ಯ, ಹಾಡು, ವಾದ್ಯ, ಮಿಮಿಕ್ರಿ, ನಾಟ್ಯಛಟಾ. ತಾಯಿ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದರು. “ಅಕ್ಕಾ, ಇದರಲ್ಲಿ ಯಕ್ಷಗಾನ ಎಲ್ಲಿ ಬರೂದು?”

ಹುಡುಗಿ ಊರಲ್ಲಿ ಬೇಸಿಗೆ ಶಿಬಿರದಲ್ಲಿ ಹೆಜ್ಜೆ ಕಲಿತು, ಮಕ್ಕಳ ಮೇಳದಲ್ಲಿ ಎರಡು ವರ್ಷ ಅಭಿಮನ್ಯು ಮಾಡಿದ್ದಳಂತೆ. ಅಷ್ಟು ದಿನ ಈ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಟ್ಟಡದಲ್ಲಿ ನಮಗೂ ಗೊತ್ತಿರಲಿಲ್ಲ.

ನಾಟ್ಯಛಟಾ ಎಂದರೇನು ಎಂದು ಕರ್ನಾಟಕದಿಂದ ಬಂದ ತಂದೆತಾಯಿಯರು ಕೇಳುವುದುಂಟು. ಒಬ್ಬನೇ ಪಾತ್ರಧಾರಿ, ಎದುರಿಗೆ ಯಾರೋ ಇದ್ದಾರೆ ಎಂಬಂತೆ ಮಾತಾಡುತ್ತಾ ಒಂದು ಸಣ್ಣ ಪ್ರಸಂಗವನ್ನು ಕಟ್ಟಿಕೊಡುವುದು. ‘ದಿವಾಕರ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಶಂಕರ ಕಾಶೀನಾಥ ಗರ್ಗೆ (1889–1931) ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ಸ್ವಗತ ಕವಿತೆಗಳಿಂದ ಪ್ರೇರಣೆ ಪಡೆದು ಮರಾಠಿಯಲ್ಲಿ ಈ ಪ್ರಕಾರವನ್ನು ಬೆಳೆಸಿದರು. ನಮ್ಮ ಏಕಪಾತ್ರಾಭಿನಯಕ್ಕೆ ಹತ್ತಿರದ ನೆಂಟ. ಇಲ್ಲಿಯ ಶಾಲೆಗಳಲ್ಲಿ ಅದಕ್ಕೆ ಸ್ಪರ್ಧೆಗಳೂ ಇವೆ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಛದ್ಮವೇಷ ಮಾಡಿ ಬಂದ ಮಕ್ಕಳಿಗೆ ಈ ಖಾನೆಯಲ್ಲಿ ಹೆಸರು ಕೊಡಲು ಧೈರ್ಯ ಬರುವುದು ಸಹಜ. ಆದರೆ ಅದು ಪೂರ್ತಿ ಮಾತಿನ ಕಲೆ, ಮಾತು ಮರಾಠಿಯದಾಗಬೇಕು.

ಯಕ್ಷಗಾನಕ್ಕೆ ಆ ಪಟ್ಟಿಯಲ್ಲಿ ಖಾನೆ ಇರಲಿಲ್ಲ. ಆದರೆ ಮರಾಠಿ ನಾಟಕದ ಚರಿತ್ರೆಯಲ್ಲಿ ಮೊದಲ ಪುಟದಲ್ಲೇ ಇದೆ. 1842ರ ಸುಮಾರಿಗೆ ನಮ್ಮ ಹೊನ್ನಾವರ ಸೀಮೆಯ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅದನ್ನು ನೋಡಿದ ರಾಜರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಇಂಥದ್ದನ್ನು ಮರಾಠಿಯಲ್ಲಿ ಮಾಡಿ ತೋರಿಸು ಎಂದರು. 1843ರ ನವೆಂಬರ್ 5ರಂದು ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಯಿತು. ಅದರಲ್ಲಿ ಸೂತ್ರಧಾರನೇ ಹಾಡುಗಳನ್ನೆಲ್ಲ ಹಾಡಿ ಕಥೆ ನಡೆಸುತ್ತಿದ್ದ, ನಮ್ಮ ಭಾಗವತರ ಹಾಗೆ. ಪಾತ್ರಧಾರಿಗಳು ಮಾತನ್ನು ಅಲ್ಲಲ್ಲೇ ಕಟ್ಟಿಕೊಂಡು ಆಡುತ್ತಿದ್ದರು, ನಮ್ಮ ಅರ್ಥದ ಹಾಗೆ. ಇವತ್ತಿಗೂ ಮಹಾರಾಷ್ಟ್ರ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಶಾಲೆಯ ಸೆಲೆಕ್ಷನ್ ನೋಟಿಸು ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಕೊಡುಕೊಳ್ಳುವುದು ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದರು. ಆ ಮರಾಠಿ ಸಂಗೀತ ನಾಟಕಗಳು ತಿರುಗಿ ಉತ್ತರ ಕರ್ನಾಟಕಕ್ಕೆ ಬಂದು ನಮ್ಮ ಕಂಪನಿ ನಾಟಕಗಳ ರೂಪವನ್ನೇ ಬದಲಿಸಿದವು. ಹೊಸಬರು ಬಂದು ತಮ್ಮದನ್ನು ತೋರಿಸಿದ್ದರಿಂದ, ನೋಡಿದವರು ಅದನ್ನು ತಮ್ಮದು ಮಾಡಿಕೊಂಡಿದ್ದರಿಂದ ಆದದ್ದು ಇದೆಲ್ಲ. ತಾಯಿಗೆ ಈ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, “ಅದೆಲ್ಲ ಸರಿ ಅಕ್ಕಾ, ಫಾರಮ್ಮಿನಲ್ಲಿ ಎಂತ ಬರಿಯೂದು ಹೇಳಿ” ಎಂದರು. ಕೊನೆಗೆ ಪಟ್ಟಿಯ ಕೆಳಗೆ ಕೈಯಿಂದ ‘ಇತರ’ ಎಂದು ಬರೆದು ಕೊಟ್ಟಾಯಿತು.

ಗ್ಯಾದರಿಂಗ್‌ನ ಲೆಕ್ಕಾಚಾರ ಹೊಸಬರಿಗೆ ತಿಳಿದಿರುವುದಿಲ್ಲ. ಇರುವುದು ಎರಡೂವರೆ ಮೂರು ಗಂಟೆ. ಆದಷ್ಟು ಹೆಚ್ಚು ಮಕ್ಕಳು ಸ್ಟೇಜ್ ಮೇಲೆ ಬರಬೇಕು, ಪ್ರತಿ ಮಗುವಿನ ಅಪ್ಪ ಅಮ್ಮ ಮೊಬೈಲ್ ಹಿಡಿದು ಕಾಯುತ್ತಿರುತ್ತಾರೆ. ಅದಕ್ಕೇ ಸಮೂಹ ನೃತ್ಯಗಳೇ ಹೆಚ್ಚು: ಒಂದು ಗಣೇಶ ವಂದನೆ, ಒಂದು ಕೋಳಿ ನೃತ್ಯ, ಒಂದು ಲಾವಣಿ, ಒಂದು ಲೇಝೀಮ್, ಉಳಿದವೆಲ್ಲ ಸಿನಿಮಾ ಹಾಡು. ಒಬ್ಬರೇ ಮಾಡುವ ಐಟಂ ಎರಡೋ ಮೂರೋ. ಗ್ರೂಪುಗಳು ಸೆಲೆಕ್ಷನ್ನಿಗೆ ಮೊದಲೇ ತಯಾರಾಗಿರುತ್ತವೆ. ಐದನೆಯಿಂದ ಒಟ್ಟಿಗೆ ಡಬ್ಬಾ ತಿಂದ ಎಂಟು ಹುಡುಗಿಯರು ಒಂದು ಗ್ರೂಪು. ಹೊಸಬಳು ಹೋಗಿ ಕೇಳಿದರೆ ‘ಫುಲ್ ಝಾಲಾ’ ಎನ್ನುತ್ತಾರೆ. ಅದು ದ್ವೇಷವಲ್ಲ. ಎಂಟು ಜನಕ್ಕೆ ಹೆಜ್ಜೆ ಕೂಡಿಸಿದ ಮೇಲೆ ಒಂಬತ್ತನೆಯವಳಿಗೆ ಜಾಗ ಮಾಡುವುದು ಕಷ್ಟವೇ. ಆದರೆ ಕೇಳಿದವಳಿಗೆ ಅದು ಕ್ಲಾಸಿನ ಬಾಗಿಲು ಮುಚ್ಚಿದ ಹಾಗೇ ಕೇಳಿಸುತ್ತದೆ. ನಮ್ಮ ಹುಡುಗಿ ಎರಡು ಗ್ರೂಪಿನಲ್ಲಿ ಕೇಳಿ, ಎರಡೂ ಕಡೆ ‘ಫುಲ್’ ಎನ್ನಿಸಿಕೊಂಡು ಬಂದಿದ್ದಳು. ಹಾಗಾಗಿ ಒಬ್ಬಳೇ ಹೋಗುವುದು ಅವಳ ಹಟವಾಗಿರಲಿಲ್ಲ, ಬೇರೆ ದಾರಿ ಇರಲಿಲ್ಲ.

ಯಕ್ಷಗಾನ ನೋಡಿದವರಿಗೆ ಪೀಠಿಕೆ ಗೊತ್ತು. ಪಾತ್ರ ರಂಗಕ್ಕೆ ಬಂದೊಡನೆ ತಾನು ಯಾರು, ಯಾರ ಮಗ, ಈಗ ಇಲ್ಲಿಗೆ ಯಾಕೆ ಬಂದೆ ಎಂದು ಹೇಳಿಕೊಳ್ಳಬೇಕು. ಅದಾಗದೆ ಕಥೆ ಮುಂದೆ ಹೋಗುವುದಿಲ್ಲ. ಹೊಸ ಶಾಲೆಯ ಸೆಲೆಕ್ಷನ್ನೂ ಅಷ್ಟೇ. ಅದಕ್ಕೆ ನಾವು ಮಾಡಿದ್ದು ಒಂದೇ ಕೆಲಸ, ಮರಾಠಿಯಲ್ಲಿ ಒಂದು ಪೀಠಿಕೆ ತಯಾರು ಮಾಡಿದ್ದು. ಮೂರೇ ವಾಕ್ಯ. ನನ್ನ ಊರು ಕುಮಟಾ, ಈಗ ಕಳವಾ. ಇದು ಯಕ್ಷಗಾನ, ನಮ್ಮ ಕಡೆ ರಾತ್ರಿಯಿಡೀ ಆಡುತ್ತಾರೆ. ನಾನು ಅಭಿಮನ್ಯು, ಚಕ್ರವ್ಯೂಹಕ್ಕೆ ಹೊರಟಿದ್ದೇನೆ. ಕೆಳಗಿನ ಮನೆಯ ಮರಾಠಿ ಆಜೀ ಅದನ್ನು ತಿದ್ದಿ ಕೊಟ್ಟರು. ಹುಡುಗಿ ಹೇಳಿದಾಗ ಆಜೀ ಹುಬ್ಬೇರಿಸಿದ್ದು ಒಂದು ಅಕ್ಷರಕ್ಕೆ. ಹಿಂದಿ ಮನೆಯ ಮಕ್ಕಳು ‘ಕಲ್ವಾ’ ಎನ್ನುತ್ತಾರೆ. ಇವಳು ‘ಕಳವಾ’ ಎಂದಳು. ಮರಾಠಿಗೂ ಕನ್ನಡಕ್ಕೂ ಇರುವ ಆ ಳಕಾರ ಹಿಂದಿಯಲ್ಲಿಲ್ಲ. ಐದು ತಿಂಗಳಿಂದ ಮರಾಠಿ ಬರುವುದಿಲ್ಲ ಎನ್ನಿಸಿಕೊಂಡ ಹುಡುಗಿಗೆ, ತನ್ನ ನಾಲಿಗೆಗೆ ಆ ಭಾಷೆಯ ಒಂದು ಅಕ್ಷರ ಮೊದಲೇ ಬರುತ್ತಿತ್ತು ಎಂದು ಗೊತ್ತಾಯಿತು.

ಸೆಲೆಕ್ಷನ್ ದಿನ ನಡೆದದ್ದು ಅವಳೇ ಹೇಳಿದ್ದು. ಮೂವರು ಟೀಚರುಗಳು ಬೆಂಚಿನ ಹಿಂದೆ ಕೂತಿದ್ದರಂತೆ. ಶಾಲೆಗೆ ಮೊಬೈಲ್ ತರುವಂತಿಲ್ಲ, ಹಾಗಾಗಿ ಚಂಡೆ ಮದ್ದಳೆ ಏನೂ ಇಲ್ಲ. ತಾನೇ ಬಾಯಿತಾಳ ಹೇಳಿಕೊಂಡು ಕುಣಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗರು ನಕ್ಕರು. ಒಬ್ಬ ಟೀಚರು ಇದು ಕಥಕಳಿಯೇ ಎಂದು ಕೇಳಿದರು. ಇನ್ನೊಬ್ಬರು ಸಿಂಧುದುರ್ಗದ ಕಡೆಯವರು. ಅವರು ಪೆನ್ನು ಕೆಳಗಿಟ್ಟು, “ಅರೇ, ಆಮ್ಚಾ ದಶಾವತಾರ ಅಸಾಚ್ ಅಸತೋ” ಎಂದರಂತೆ. ನಮ್ಮ ದಶಾವತಾರವೂ ಹೀಗೇ ಇರುತ್ತದೆ ಎಂದು. ಕೊಂಕಣದ ದಶಾವತಾರವೂ ಜಾತ್ರೆಯಲ್ಲಿ ರಾತ್ರಿಯಿಡೀ ನಡೆಯುವ ಆಟ. ಪುರಾಣದ ಕಥೆ, ಬರೆದಿಟ್ಟ ಮಾತಿಲ್ಲ, ಅಲ್ಲೇ ಹುಟ್ಟಬೇಕು. ಗಡಿಯ ಆಚೆ ಈಚೆ ಒಂದೇ ಕರಾವಳಿ ಎಂಬುದು ಆ ಟೀಚರಿಗೆ ಪುಸ್ತಕದಿಂದ ತಿಳಿದದ್ದಲ್ಲ, ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ನಿದ್ದೆಗೆಟ್ಟು ತಿಳಿದದ್ದು.

ಆದರೂ ಬೋರ್ಡಿಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಸಂಜೆ ಅದೇ ಟೀಚರು ಕರೆದು ಹೇಳಿದರು: ಒಂದು ಗ್ರೂಪ್ ಇಳಿದು ಇನ್ನೊಂದು ಹತ್ತುವಾಗ ಪರದೆ ಹಾಕಿರುತ್ತೇವೆ, ಹಿಂದೆ ಸಾಮಾನು ಜೋಡಿಸಲು ಎರಡು ಮೂರು ನಿಮಿಷ ಬೇಕು. ಆ ಹೊತ್ತಿನಲ್ಲಿ ಪರದೆಯ ಮುಂದೆ ಮಾಡುತ್ತೀಯಾ?

ಮನೆಯಲ್ಲಿ ಆ ರಾತ್ರಿ ದೊಡ್ಡ ಚರ್ಚೆ. ತಾಯಿಗೆ ಅವಮಾನ. “ಜನ ನೀರು ಕುಡಿಲಿಕ್ಕೆ ಏಳೂ ಹೊತ್ತಿಗೆ ಕುಣಿಯೂದಾ?” ಹುಡುಗಿಗೆ ಹೆದರಿಕೆ. ಹನ್ನೊಂದು ಗಂಟೆಗೆ ಹೋಟೆಲಿನಿಂದ ಬಂದ ಅಪ್ಪ ಊಟ ಮಾಡುತ್ತಲೇ ಎಲ್ಲ ಕೇಳಿ ಒಂದೇ ಮಾತು ಹೇಳಿದರಂತೆ. “ಒಡ್ಡೋಲಗ ಆಗೂದು ತೆರೆ ಹಿಡಿದೇ ಅಲ್ವೇನೇ? ತೆರೆ ಅಂದ್ರೆ ನಮಗೆ ಎಂತ ಹೊಸತು?” ಮರುದಿನ ಹುಡುಗಿ ಹೂಂ ಎಂದು ಹೇಳಿ ಬಂದಳು.

ಶಾಲೆಯ ಮೈದಾನದಲ್ಲಿ ಹಾಕಿದ ಮಂಟಪಕ್ಕೆ ನಾನೂ ಹೋಗಿದ್ದೆ. ಪೂರ್ತಿ ವೇಷ ಕಟ್ಟಲು ತಾಸುಗಟ್ಟಲೆ ಬೇಕು, ಕಟ್ಟುವವರೂ ಬೇಕು. ಹಾಗಾಗಿ ಬಿಳಿ ಪೈಜಾಮ, ಸೊಂಟಕ್ಕೆ ಅಮ್ಮನ ಕೆಂಪು ಸೀರೆಯ ತುಂಡು, ಕಾಲಿಗೆ ಗೆಜ್ಜೆ. ಸಿನಿಮಾ ಹಾಡು ಮುಗಿದು ಪರದೆ ಬಿತ್ತು. ಇವಳು ಬಂದು ಮೈಕಿನಲ್ಲಿ ಮೂರು ವಾಕ್ಯ ಹೇಳಿದಳು. ಅರ್ಧ ಜನ ಮೊಬೈಲ್ ನೋಡುತ್ತಿದ್ದರು, ಉಳಿದವರು ವಡಾಪಾವಿನ ಕಡೆ ಹೊರಟಿದ್ದರು. ಮಂಡಿ ಹಾಕಿ ಮೊದಲ ಸುತ್ತು ತಿರುಗಿದಾಗ ಹಲಗೆಯ ಸ್ಟೇಜ್ ದಡದಡ ಎಂದಿತು. ಆ ಶಬ್ದಕ್ಕೆ ಕೆಲವರು ತಲೆ ಎತ್ತಿದರು. ನಾಲ್ಕನೇ ಸುತ್ತಿಗೆ ಮುಂದಿನ ಸಾಲಿನ ಸಣ್ಣ ಮಕ್ಕಳು ಎಣಿಸಲು ಶುರು ಮಾಡಿದರು. ಎಂಟೋ ಒಂಬತ್ತೋ ಸುತ್ತಾಯಿತು, ಎದ್ದಳು, ಕೈ ಮುಗಿದಳು, ಹೋದಳು. ಚಪ್ಪಾಳೆ ಸಾಧಾರಣ. ಹಿಂದಿನಿಂದ ಮುಂದಿನ ಹಾಡು ಹಾಕಿಬಿಟ್ಟರು.

ಮರುದಿನ ಕ್ಲಾಸಿನ ಇಬ್ಬರು ಹುಡುಗಿಯರು ಮಂಡಿಯ ಮೇಲೆ ತಿರುಗುವುದನ್ನು ಕಲಿಸು ಎಂದು ಬಂದರು. ಆಗಿದ್ದು ಅಷ್ಟು. ಕಳೆದ ವರ್ಷದ ಗ್ಯಾದರಿಂಗ್‌ಗೆ ಆ ಎಂಟು ಹುಡುಗಿಯರ ಗ್ರೂಪು ಒಂಬತ್ತು ಜನರದ್ದಾಯಿತು. ಐಟಂ ಮಾತ್ರ ಸಿನಿಮಾ ಹಾಡು! ಯಕ್ಷಗಾನ ಮಾಡುವುದಿಲ್ಲವೇ ಎಂದು ಕೇಳಿದೆ. “ಈ ಸಲ ಬೇಡ ಆಂಟಿ, ಇವರ ಜೊತೆ ಮಾಡ್ತೆ” ಎಂದಳು. ತಾಯಿಗೆ ಬೇಸರ. ನನಗೆ ಬೇಸರವಾಗಲಿಲ್ಲ. ಒಬ್ಬಳೇ ನಿಂತು ತನ್ನದನ್ನು ತೋರಿಸಲೇಬೇಕಾದ ಅಗತ್ಯ ಮುಗಿದಿತ್ತು. ಗುಂಪಿನಲ್ಲಿ ಒಬ್ಬಳಾಗುವುದೂ ಆ ವಯಸ್ಸಿನಲ್ಲಿ ಒಂದು ಆಸೆಯೇ. ಹೆಜ್ಜೆ ಎಲ್ಲಿಗೂ ಹೋಗುವುದಿಲ್ಲ. ಮುಂಬಯಿಯಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ತಂಡಗಳಿವೆ, ಬೇಕೆನಿಸಿದ ದಿನ ಹೋಗುತ್ತಾಳೆ.

ಇದೇ ವಯಸ್ಸಿನಲ್ಲಿ ಮುಂಬಯಿಗೆ ಬಂದ ಇನ್ನೊಬ್ಬ ಹುಡುಗನನ್ನು ನೀವೆಲ್ಲ ಬಲ್ಲಿರಿ. ಅನಂತ್ ನಾಗ್ ಒಂಬತ್ತನೇ ತರಗತಿಗೆ ಇಲ್ಲಿಗೆ ಬಂದವರು. ಕೊಂಕಣಿ, ಕನ್ನಡ, ಮರಾಠಿ ಮೂರೂ ಭಾಷೆಯ ನಾಟಕಗಳಲ್ಲಿ ಇಲ್ಲಿಯೇ ಪಳಗಿದರು. ಹೊನ್ನಾವರದಲ್ಲಿ ಹುಟ್ಟಿದ ತಮ್ಮ ಶಂಕರ್ ನಾಗ್ ಕೂಡ ಮುಂಬಯಿಗೆ ಬಂದು ಮರಾಠಿ ರಂಗಭೂಮಿಯ ರುಚಿ ಹತ್ತಿಸಿಕೊಂಡರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಬರುವ ಹೊತ್ತಿಗೆ ಆ ತಾಲೀಮು ಅವರ ಬೆನ್ನಿಗಿತ್ತು. ಎಲ್ಲ ಮಕ್ಕಳೂ ನಾಗ್ ಸಹೋದರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹೊಸ ಊರಿನ ಭಾಷೆಯನ್ನು ಕೆಲವರು ವ್ಯಾಕರಣದಿಂದ ಕಲಿತರೆ ಕೆಲವರು ಸ್ಟೇಜಿನ ಮೇಲೆ ಕಲಿಯುತ್ತಾರೆ. ಎರಡನೆಯ ದಾರಿಯೂ ದಾರಿಯೇ.

ಈ ನವೆಂಬರಿನಲ್ಲಿ ನಿಮ್ಮ ಮನೆಗೂ ನೋಟಿಸು ಬಂದರೆ ಕೆಲವು ಮಾತು. ಎಷ್ಟು ನಿಮಿಷ, ಹಾಡು ಪೆನ್ ಡ್ರೈವಿನಲ್ಲಿ ಕೊಡಬೇಕೋ, ಬಟ್ಟೆ ಬಾಡಿಗೆ ಯಾರು ಕೊಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ಬಟ್ಟೆಯ ಖರ್ಚಿಗೆ ಅಂಜಿ ಹಿಂದೆ ಸರಿದ ಮಕ್ಕಳು ಕಡಿಮೆಯಿಲ್ಲ. ಮಾತಿನ ಮೇಲೆ ನಿಲ್ಲುವ ಐಟಂಗಿಂತ ಹೆಜ್ಜೆ, ತಾಳ, ವಾದ್ಯದ ಮೇಲೆ ನಿಲ್ಲುವುದನ್ನು ಆರಿಸಿದರೆ ಭಾಷೆಯ ತೊಡಕು ಅರ್ಧ ಕಡಿಮೆ. ಡೊಳ್ಳು, ಕೋಲಾಟ, ಕಂಸಾಳೆ, ಏನು ಬಂದರೂ ಸರಿ. ಆದರೆ ಪೀಠಿಕೆ ಮಾತ್ರ ಇಲ್ಲಿಯ ಭಾಷೆಯಲ್ಲಿರಲಿ, ಮೂರೇ ವಾಕ್ಯ ಸಾಕು. ಒಂಟಿ ಐಟಂ ಸಿಗದಿದ್ದರೆ ಪರದೆ ಎಳೆಯುವ ಕೆಲಸಕ್ಕಾದರೂ ಹೆಸರು ಕೊಡಿಸಿ. ಗ್ಯಾದರಿಂಗ್‌ನಲ್ಲಿ ಗೆಳೆತನ ಹುಟ್ಟುವುದು ಸ್ಟೇಜಿಗಿಂತ ಅದರ ಹಿಂದೆಯೇ ಹೆಚ್ಚು. ಆಯ್ಕೆ ಆಗದಿದ್ದರೆ ಶಾಲೆಗೆ ಜಗಳಕ್ಕೆ ಹೋಗಬೇಡಿ. ವರ್ಷ ಮುಗಿಯುವವರೆಗೆ ಅಲ್ಲಿ ಕೂರಬೇಕಾದದ್ದು ಮಗು, ನೀವಲ್ಲ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೂ ಒಂದು ಮಾತಿದೆ. ನಿಮ್ಮ ಮಗಳ ಕ್ಲಾಸಿಗೂ ಈ ಜೂನ್‌ನಲ್ಲಿ ಒಡಿಶಾದಿಂದಲೋ ಬಿಹಾರದಿಂದಲೋ, ನಮ್ಮ ಪಕ್ಕದ ಸೊಲ್ಲಾಪುರದಿಂದಲೋ ಒಂದು ಮಗು ಬಂದಿರುತ್ತದೆ. ಅದಕ್ಕೆ ಕನ್ನಡ ಬರುವುದಿಲ್ಲ ಎಂಬುದು ಇಡೀ ಕ್ಲಾಸಿಗೆ ಗೊತ್ತಿರುತ್ತದೆ. ಏನು ಬರುತ್ತದೆ ಎಂದು ಯಾರಾದರೂ ಕೇಳಿದ್ದಾರಾ, ಮಗಳನ್ನು ವಿಚಾರಿಸಿ ನೋಡಿ. ಸ್ಕೂಲ್ ಡೇ ಡ್ಯಾನ್ಸಿಗೆ ಅವರದ್ದೂ ಎಂಟು ಜನರ ಗ್ರೂಪು ಇದ್ದರೆ, ಒಂಬತ್ತನೆಯ ಜಾಗವನ್ನು ಈಗಲೇ ಬಿಟ್ಟಿರಲು ಹೇಳಿ. ಹೆಜ್ಜೆ ಕೂಡಿಸುವ ಮೊದಲು ಬಿಟ್ಟರೆ ಅದು ಕಷ್ಟವಲ್ಲ.